ಹುಳುಮನೆಯ ಹೊಸ್ತಿಲಲ್ಲಿ ಅತ್ತಿಗೆ

ಸುಗಟೂರಿನ ನಮ್ಮ ಹುಳುಮನೆಯ ಬಾಗಿಲಲ್ಲಿ ಬ್ಲೀಚಿಂಗ್ ಪೌಡರ್ ಕಲಸಿದ ನೀರಿನ ಟ್ರೇ ಇದೆ. ರೇಷ್ಮೆಹುಳುಗಳಿಗೆ ರೋಗ ತಗುಲಬಾರದೆಂದು ಅದರಲ್ಲಿ ಕಾಲು ಅದ್ದಿಯೇ ಒಳಗೆ ಹೋಗಬೇಕು. ಈ ಕಟ್ಟುನಿಟ್ಟು ತಂದವರು ನಮ್ಮ ಅತ್ತಿಗೆ. ನೆಂಟರಿರಲಿ, ಕಟ್ಟಿಕೊಂಡ ಗಂಡನೇ ಇರಲಿ, ಒಣಗಾಲಲ್ಲಿ ಬಂದರೆ ಗದರಿಸಿ ಅಟ್ಟುತ್ತಿದ್ದರು. ಸಕ್ಕರೆ ಕಾಯಿಲೆಯಿಂದ ಅವರ ಬಲ ಅಂಗಾಲಿನಲ್ಲಿ ಹುಣ್ಣಾಯಿತು. ಪಟ್ಟಿ ಕಟ್ಟಿದ ಕಾಲನ್ನು ಅದ್ದುವಂತಿಲ್ಲ. ತಮ್ಮ ನಿಯಮಕ್ಕೆ ತಾವೇ ಸಿಕ್ಕಿಬಿದ್ದು ಹೊಸ್ತಿಲಾಚೆ ಕುಳಿತರು. ಹುಳುಗಳು ಮೇಯುವ ಸದ್ದು ಕೇಳಿಯೇ, “ಸೊಪ್ಪು ಸಾಲ್ದು ಕಣ್ರೋ, ಇನ್ನೊಂದಿಷ್ಟು ಹಾಕ್ರೋ” ಎಂದು ಕೂಗುತ್ತಿದ್ದರು.

ನಾನು ಅವರ ನಾದಿನಿ. ಕೋಲಾರದ ಪ್ರಯೋಗಾಲಯವೊಂದರಲ್ಲಿ ನನ್ನ ಕೆಲಸವೂ ರೇಷ್ಮೆಯದೇ. ಗೂಡು ಕತ್ತರಿಸಿ, ವಾಷಿಂಗ್ ಸೋಡಾ ನೀರಿನಲ್ಲಿ ಕುದಿಸಿ ಅಂಟು ತೆಗೆದು, ಕರಗಿಸಿ, ಕಣ್ಣಿಗೆ ಕಾಣದಷ್ಟು ಸಣ್ಣ ಎಳೆಗಳ ಹಾಳೆ ಮಾಡುತ್ತೇವೆ. ಅದರ ಮೇಲೆ ಚರ್ಮದ ಜೀವಕೋಶಗಳನ್ನು ಬಿಟ್ಟರೆ ಎಳೆ ಹೋದ ದಿಕ್ಕಿಗೇ ಅವೂ ಸಾಗಿ ಬೆಳೆಯುತ್ತವೆ. ಹುಣ್ಣಿನ ಮೇಲಿಟ್ಟರೆ ಹೊಸ ಚರ್ಮಕ್ಕೆ ದಾರಿ ತೋರಿಸಿ, ಆಮೇಲೆ ತಾನೇ ಕರಗಿಹೋಗಬೇಕೆಂಬುದು ನಮ್ಮ ಆಸೆ. ಗಾಜಿನ ಬಟ್ಟಲಲ್ಲಿ ಕೋಶಗಳು ಮೊದಲ ಸಲ ಹಾಗೆ ಬೆಳೆದಾಗ ಹಿಗ್ಗಿಹೋಗಿ ಅತ್ತಿಗೆಗೆ ಫೋಟೋ ತೋರಿಸಿದೆ.

“ನಮ್ ಹುಳ ಚಂದ್ರಿಕೆ ಮೇಲೆ ಹತ್ತಿದಂಗೇ ಐತಲ್ಲೇ!” ಎಂದರು. ಗೂಡು ಕಟ್ಟಲು ಹುಳು ಬಿಡುವ ಬಿದಿರಿನ ತಟ್ಟೆಯೇ ಚಂದ್ರಿಕೆ.

ಅಂದಿನಿಂದ ಪ್ರತಿ ಬೆಳೆಯಲ್ಲೂ ಒಳ್ಳೊಳ್ಳೆಯ ಗೂಡುಗಳನ್ನು ಆರಿಸಿ ಸ್ಟೀಲ್ ಡಬ್ಬಿಯಲ್ಲಿ ತುಂಬಿಡುತ್ತಿದ್ದರು. “ಇವು ನನ್ ಕಾಲಿಗೆ. ಬೇಗ ಮಾಡೇ, ನಾನು ಒಳಗೋಗ್ಬೇಕು.”

“ಅತ್ತಿಗೆ, ಇನ್ನೂ ಮನುಷ್ಯರಿಗೆ ಹಾಕೋ ಹಾಗಿಲ್ಲ.”

“ಆಯ್ತು ಬಿಡು, ಮುಂದಿನ ಬೆಳೆಗೆ.”

ನನಗೆ ಮೈ ಉರಿಯುತ್ತಿತ್ತು. ಅವರ ಮೇಲಲ್ಲ, ಆ ಬಟ್ಟಲಿನ ಕೋಶಗಳ ಮೇಲೆ. ಹೊತ್ತು ಹೊತ್ತಿಗೆ ಆಹಾರ, ಬೆಚ್ಚನೆಯ ಜಾಗ. ಹೇಳಿದ ಮಾತು ಕೇಳದೆ ಇನ್ನೇನು ಮಾಡುತ್ತವೆ? ಅತ್ತಿಗೆಯ ಪಾದಕ್ಕೆ ರಕ್ತವೇ ಸರಿಯಾಗಿ ಇಳಿಯುತ್ತಿರಲಿಲ್ಲ. ಅಲ್ಲಿ ನಮ್ಮ ಎಳೆ ದಾರಿ ತೋರಿಸುವುದು ಯಾರಿಗೆ? ಇದೆಲ್ಲ ಗೊತ್ತಿದ್ದೂ ಡಬ್ಬಿ ಹಿಡಿದು ಕೋಲಾರದ ಬಸ್ಸು ಹತ್ತುತ್ತಿದ್ದೆ.

ಹುಣ್ಣು ಮೂಳೆಗೆ ಇಳಿಯಿತು. ಆಸ್ಪತ್ರೆಯಲ್ಲಿ ಮೊಣಕಾಲಿನ ಕೆಳಗೆ ಕತ್ತರಿಸಿದರು. ಆ ವಾರ ನಮ್ಮ ಹಾಳೆಗಳ ಮೇಲೆ ಕೋಶಗಳು ಹಿಂದೆಂದೂ ಇಲ್ಲದಷ್ಟು ಚೆನ್ನಾಗಿ ಬೆಳೆದಿದ್ದವು. ಜೊತೆಯವರು ಸಿಹಿ ಹಂಚಿದರು. ನನಗೆ ಎಲ್ಲವನ್ನೂ ಮೋರಿಗೆ ಸುರಿಯಬೇಕೆನ್ನಿಸಿತು.

ಗಾಯ ಮಾಗಿದ ಮೇಲೆ ಅತ್ತಿಗೆ ವಾಕರ್ ಹಿಡಿದು ನೇರವಾಗಿ ಹುಳುಮನೆಗೆ ಬಂದರು. ವಾಕರಿನ ಕಾಲುಗಳನ್ನು ಟ್ರೇಯಲ್ಲಿ ಅದ್ದಿದರು, ಆಮೇಲೆ ತಮ್ಮ ಎಡಗಾಲನ್ನು.

“ಪೋನೀಲೇ, ಹೋಗ್ಲಿ ಬಿಡು, ಈಗ ಒಂದೇ ಕಾಲು. ಕೆಲಸ ಸಲೀಸು” ಎಂದು ನಕ್ಕು ಒಳಗೆ ಹೋದರು.

ನಾನು ನಗಲಿಲ್ಲ. ಅವರು ನೀರಿನಿಂದ ಆ ಎಡಗಾಲೆತ್ತಿದಾಗ ಹಿಮ್ಮಡಿಯಲ್ಲಿ ಬಿರುಕೊಂದು ಬಾಯಿಬಿಟ್ಟಿದ್ದು, ಒಳಗಿನ ಕೆಂಪು ಕಂಡಿತ್ತು. ಬ್ಲೀಚಿಂಗ್ ನೀರು ತಗುಲಿದರೂ ಅವರಿಗೆ ಉರಿ ಗೊತ್ತಾಗಿರಲಿಲ್ಲ.

ನಾನು ಹೊರಟಾಗ ಡಬ್ಬಿ ಕೈಗಿಟ್ಟರು.

“ಈಗ್ಯಾಕೆ ಅತ್ತಿಗೆ?”

“ಯಾಕಂದ್ರೆ? ಇನ್ನೊಂದು ಕಾಲೈತಲ್ಲೇ” ಎಂದರು, ತಮಾಷೆಗೆ.