ಗೋಡೆಗೆ ಹೊದಿಸಿದ ಕೌದಿಗಳು

ನಮ್ಮ ಪ್ರೊಫೆಸರರು ಪಾಠ ಹೇಳುವ ರೀತಿಗೆ ನನಗೆ ಮೊದಮೊದಲು ಮೈಯೆಲ್ಲ ಉರಿಯುತ್ತಿತ್ತು. ಎರಡನೇ ಮಹಾಯುದ್ಧದ ಕಾಲ. ಪುಣೆಯ ಒಂದು ಕಾಲೇಜಿನಲ್ಲಿ ರೇಡಿಯೊ ಪ್ರಸಾರ ಕಲಿಸುವ ಹೊಸ ತರಗತಿ ತೆರೆದಿದ್ದರು. ಅದರಲ್ಲಿ ನಾನೊಬ್ಬಳೇ ಹುಡುಗಿ. ಪ್ರೊಫೆಸರರು ಬೆಳಿಗ್ಗೆ ತಮ್ಮ ಸಂಶೋಧನೆ ಮಾಡುವರು, ಮಧ್ಯಾಹ್ನ ಅದನ್ನೇ ಬಿಸಿಬಿಸಿಯಾಗಿ ನಮಗೆ ಬಡಿಸುವರು. ಮರುದಿನ ಬಂದು, ನಿನ್ನೆ ಹೇಳಿದ್ದು ತಪ್ಪು, ಹೊಡೆದುಹಾಕಿ ಎನ್ನುವರು. ಬರೆದು ಬರೆದು ಕೈ ನೋಯಿಸಿಕೊಂಡವರು ನಾವು!

ಒಮ್ಮೆ ತಡೆಯಲಾರದೆ ಕೇಳಿಯೇ ಬಿಟ್ಟೆ. ಅವರು ಬೆಳಗಾವಿಯವರು, ನನ್ನೊಡನೆ ಕನ್ನಡದಲ್ಲೇ ಮಾತಾಡುತ್ತಿದ್ದರು.

"ಸರ್, ಪರೀಕ್ಷಾದಾಗ ಪುಸ್ತಕದಾಗಿಂದು ಕೇಳ್ತಾರೇನ್ರಿ, ನಿಮ್ಮ ತಲಿಯಾಗಿಂದು ಕೇಳ್ತಾರೇನ್ರಿ?"

ಅವರಿಗೆ ನಗು ಬಂತು. "ಪುಸ್ತಕಾ ಬರದವರು ವಿಲಾಯತಿ ಖೋಲ್ಯಾಗ ಕೂತು ಬರದಾರವಾ. ನಮ್ಮ ಖೋಲಿ ಕಲ್ಲಿಂದು. ಇದರ ಪಾಠಾ ಯಾರೂ ಇನ್ನೂ ಬರದಿಲ್ಲ."

ನಾವು ಮೈಕಿನ ಮುಂದೆ ಓದುವ ಕೋಣೆ ಕಲ್ಲಿನದೇ ನಿಜ. ಅಲ್ಲಿ ನಿಂತು ಒಂದು ಮಾತಾಡಿದರೆ ಅದು ಗೋಡೆಗೆ ಬಡಿದು ಮರಳಿ, ಮುಂದಿನ ಮಾತಿನ ಮೇಲೆ ಬೀಳುತ್ತಿತ್ತು. ಪಕ್ಕದ ಕೋಣೆಯ ಲೌಡ್‌ಸ್ಪೀಕರಿನಲ್ಲಿ ಕೇಳುವವರಿಗೆ ಬರೀ ಗದ್ದಲ. ಈ ಮಾರ್ದನಿಯನ್ನು ಅಗ್ಗದಲ್ಲಿ ಹೇಗೆ ಅಡಗಿಸುವುದೆಂಬುದೇ ಅವರ ಸಂಶೋಧನೆ. ಜಮಖಾನೆ ಕಟ್ಟಿ ನೋಡಿದರು, ಗೋಣಿತಟ್ಟು ಕಟ್ಟಿ ನೋಡಿದರು. ಕೊನೆಗೆ ನಾನು ಮನೆಯಿಂದ ಒಂದು ಕೌದಿ ಒಯ್ದೆ. ಹಳೆಯ ಇಳಕಲ್ ಸೀರೆ, ಅಪ್ಪನ ಸವೆದ ಧೋತರ, ಎಲ್ಲ ಪದರಪದರವಾಗಿ ಸೇರಿಸಿ ಅಜ್ಜಿ ಕೈಯಿಂದ ಹೊಲಿದದ್ದು. ಅದನ್ನು ಗೋಡೆಗೆ ಹೊದಿಸಿದ ಕೂಡಲೇ ಮಾತು ಬಿಡಿಬಿಡಿಯಾಗಿ ಕೇಳಿತು. ಪ್ರೊಫೆಸರರು ಮಗುವಿನಂತೆ ಚಪ್ಪಾಳೆ ತಟ್ಟಿದರು. ಆಮೇಲೆ ನಮ್ಮ ಟ್ರಂಕಿನಲ್ಲಿ ಒಂದು ಕೌದಿಯೂ ಉಳಿಯಲಿಲ್ಲ.

ಅಜ್ಜಿ ಗೊಣಗಿದಳು. "ಗ್ವಾಡಿಗೆ ಯಾರರ ಕೌದಿ ಹೊಚ್ಚತಾರೇನ? ಥಂಡಿ ಹತ್ತಿದ್ದು ಗ್ವಾಡಿಗೋ, ನಿಮ್ಮ ಮಾಸ್ತರಗೋ?" ಆದರೂ ಒಂದೊಂದನ್ನು ಕೊಡುವಾಗಲೂ ಅದರ ಮೂಲೆಯ ಮಡಿಕೆಯಲ್ಲಿ ಚಪಾತಿಯ ಚೂರು, ಚಿಟಿಕೆ ಸಕ್ಕರೆ ಇಟ್ಟು ಎರಡು ಹೊಲಿಗೆ ಹಾಕಿಯೇ ಕೊಡುತ್ತಿದ್ದಳು. ಕೌದಿಯನ್ನು ಹಸಿದ ಹೊಟ್ಟೆಯಲ್ಲಿ ಮನೆಯಿಂದ ಕಳಿಸಬಾರದೆಂಬುದು ಅವಳ ನೇಮ. ಆ ಚಪಾತಿಗೆ ಬಂದ ಇರುವೆಗಳನ್ನು ಓಡಿಸುವುದೂ ನಮ್ಮ ಪಾಠದ ಭಾಗವಾಯಿತು. ಕೌದಿಗೆ ಮರಾಠಿಯಲ್ಲಿ ಗೋಧಡಿ ಎನ್ನುವರು; ಕಾಲೇಜಿನಲ್ಲಿ ನಮಗೆ 'ಗೋಧಡಿ ಕ್ಲಾಸ್' ಎಂಬ ಹೆಸರು ಬಿತ್ತು. ಹಾಗೆ ಕರೆದವರೊಡನೆ ನಾನು ಜಗಳಾಡಿದ್ದೇನೆ.

ಇಷ್ಟೆಲ್ಲ ಇದ್ದರೂ ಆ ತರಗತಿಗೆ ವಿಶ್ವವಿದ್ಯಾಲಯದ ಮಾನ್ಯತೆ ಇರಲಿಲ್ಲ. ಪುಣೆಯ ಪಕ್ಕದ ಖಡಕಿಯ ಮದ್ದುಗುಂಡಿನ ಕಾರ್ಖಾನೆಯಲ್ಲಿ ಕಾರಕೂನರಾಗಿದ್ದ ಅಪ್ಪ ನನ್ನೊಡನೆ ಒಂದು ಕರಾರು ಮಾಡಿಕೊಂಡಿದ್ದರು. ಮಾನ್ಯತೆ ಸಿಕ್ಕರೆ ಓದು ಮುಂದುವರಿಸುವುದು. ಸಿಗದಿದ್ದರೆ ತರಗತಿ ಹೇಗೂ ಮುಚ್ಚುತ್ತದೆ, ಧಾರವಾಡಕ್ಕೆ ಹೋಗಿ ಕಾಕಾನ ಮನೆಯಲ್ಲಿದ್ದು ಶಿಕ್ಷಕಿಯ ತರಬೇತಿ ಪಡೆಯುವುದು. ನನಗೆ ಬೇಡವಾಗಿತ್ತು. ಮೈಕಿನ ಮುಂದೆ ನಿಂತಾಗ ಆಗುತ್ತಿದ್ದ ಸಂತೋಷ ನನಗೆ ಬೇರೆಲ್ಲೂ ಆಗಿರಲಿಲ್ಲ.

ಚಳಿಗಾಲದ ಒಂದು ಬೆಳಿಗ್ಗೆ ಪರಿಶೀಲನೆಗೆಂದು ವಿಶ್ವವಿದ್ಯಾಲಯದವರು ಬಂದರು. ಕೋಣೆಯಲ್ಲಿ ನಾನೊಬ್ಬಳೇ ಓದುವುದು, ಅವರು ಪಕ್ಕದ ಕೋಣೆಯಲ್ಲಿ ಕೂತು ಕೇಳುವುದು ಎಂದು ಗೊತ್ತು ಮಾಡಿದ್ದೆವು. ಆದರೆ ಕೌದಿಯ ಸುದ್ದಿ ಅವರ ಕಿವಿಗೂ ಬಿದ್ದಿತ್ತು. ಉಣ್ಣೆಯ ಕೋಟು, ಶಾಲು ಹೊದ್ದ ಹಿರಿಯರೆಲ್ಲ ಸೀದಾ ಒಳಗೇ ಬಂದು ಕುರ್ಚಿ ಎಳೆದುಕೊಂಡು ಕೂತರು. ಅವರಲ್ಲಿ ಒಬ್ಬರು, ಸದಾ ಹುಬ್ಬು ಗಂಟಿಕ್ಕಿಕೊಂಡಿದ್ದವರು, ಮಾತ್ರ ಲೌಡ್‌ಸ್ಪೀಕರಿನ ಹತ್ತಿರ ಉಳಿದರು.

ನಾನು ಓದಿದೆ. ಪ್ರಯೋಗಕ್ಕೆಂದು ದಿನವೂ ಓದುತ್ತಿದ್ದ ಮರಾಠಿ ಪತ್ರಿಕೆಯ ಅದೇ ಮಳೆಯ ಸುದ್ದಿ. ಹುಬ್ಬಿನವರು ಬಾಗಿಲಲ್ಲಿ ಇಣುಕಿ, ಹುಡುಗಿ ಕಾಳು ತುಂಬಿದ ಹಗೇವಿನೊಳಗೆ ಕೂತು ಮಾತಾಡಿದಂತೆ ಕೇಳುತ್ತಿದೆ, ಜೀವವೇ ಇಲ್ಲ ಎಂದರು.

ಧಾರವಾಡದ ರೈಲು ಕಣ್ಣಮುಂದೆಯೇ ನಿಂತಂತಾಯಿತು. ಪ್ರೊಫೆಸರರು ಕೋಣೆಯನ್ನೊಮ್ಮೆ, ಶಾಲು ಹೊದ್ದವರನ್ನೊಮ್ಮೆ ನೋಡಿದರು. ಏನಾಯಿತೆಂದು ನನಗೂ ಆಗಲೇ ಹೊಳೆಯಿತು. ನಾವು ಮಾಡಿದ ಪ್ರಯೋಗಗಳೆಲ್ಲ ಖಾಲಿ ಕೋಣೆಯವು. ಮನುಷ್ಯರೂ ದನಿಯನ್ನು ನುಂಗುತ್ತಾರೆ, ಉಣ್ಣೆ ಹೊದ್ದವರಂತೂ ಇನ್ನಷ್ಟು. ಕೌದಿಗಳ ಜೊತೆಗೆ ಇವರೂ ಸೇರಿ ನನ್ನ ದನಿಯನ್ನು ಪೂರಾ ಮುಗಿಸಿದ್ದರು.

ಪ್ರೊಫೆಸರರು ತಪ್ಪನ್ನು ಮುಚ್ಚಿಡಲಿಲ್ಲ. ಜನ ತುಂಬಿದ ಕೋಣೆಯನ್ನು ನಾನಿನ್ನೂ ಪರೀಕ್ಷಿಸಿಲ್ಲ, ತಾವೆಲ್ಲ ಇದ್ದೀರಿ, ಈಗಲೇ ಪರೀಕ್ಷಿಸೋಣ ಎಂದರು. ನನ್ನ ಕಡೆ ತಿರುಗಿ, "ನೀ ಓದೋದು ನಿಲ್ಲಸಬ್ಯಾಡವಾ," ಎಂದರು. ಹುಡುಗರು ಕೌದಿಗಳನ್ನು ಒಂದೊಂದಾಗಿ ಇಳಿಸತೊಡಗಿದರು. ಪಕ್ಕದ ಕೋಣೆಯಿಂದ ಹುಬ್ಬಿನವರು, ಇನ್ನೊಂದು ತೆಗೆಯಿರಿ, ಅಯ್ಯೋ ಅದನ್ನಲ್ಲ, ಆ ಮೂಲೆಯದನ್ನು ಎಂದು ಕೂಗುವರು. ಕೊನೆಗೆ ಕೂಗಿ ಸಾಕಾಗಿ ತಾವೇ ಬಂದು ಒಂದನ್ನು ಎಳೆದರು. ಮೂಲೆಯ ಹೊಲಿಗೆ ಬಿಚ್ಚಿ ಅಜ್ಜಿಯ ಚಪಾತಿ ಚೂರು, ಸಕ್ಕರೆ ಅವರ ಕೋಟಿನ ಮೇಲೆ ಬಿದ್ದವು. ನಗು ತಡೆದುಕೊಂಡು ಮಳೆಯ ಸುದ್ದಿ ಓದುವುದು ನನಗೆ ಭಾರೀ ಕಷ್ಟವಾಯಿತು.

ದನಿ ತಿಳಿಯಾದ ಮೇಲೆ ಹುಬ್ಬಿನವರು ಕೇಳಿದರು: ಈಗ ಮಾಡಿದ್ದು ನಿಮ್ಮ ಪಾಠಪಟ್ಟಿಯಲ್ಲಿ ಎಲ್ಲಿದೆ?

ನಿನ್ನೆಯವರೆಗೆ ಇರಲಿಲ್ಲ, ಇವತ್ತಿನಿಂದ ಇದೆ ಎಂದರು ಪ್ರೊಫೆಸರರು.

ಹುಬ್ಬಿನವರು ಕೋಟಿನ ಮೇಲಿನ ಸಕ್ಕರೆ ಕೊಡವಿಕೊಂಡು, ಹಾಗಿದ್ದರೆ ಅದನ್ನೂ ಬರೆದು ಕಳಿಸಿ, ಮಾನ್ಯತೆ ಕೊಡಲು ನನ್ನದೇನೂ ಅಡ್ಡಿಯಿಲ್ಲ ಎಂದರು. ಉಳಿದವರೂ ತಲೆಯಾಡಿಸಿದರು. ಹೋದ ಜೀವ ಬಂದಂತಾಗಿ ನಾನು ಅಲ್ಲೇ ಕೌದಿಯ ರಾಶಿಯ ಮೇಲೆ ಕುಸಿದು ಕೂತೆ.

ಸಂಜೆ ಗೇಟಿನ ಹತ್ತಿರ ಅಪ್ಪ ಸೈಕಲ್ ಹಿಡಿದು ನಿಂತಿದ್ದರು. ನನ್ನ ತೋಳಿನ ತುಂಬ ಕೌದಿಗಳನ್ನು ನೋಡಿ ಅವರ ಮುಖ ಇಳಿಯಿತು. ಅವನ್ನು ತೆಗೆದುಕೊಂಡು ಕ್ಯಾರಿಯರಿಗೆ ಕಟ್ಟತೊಡಗಿದರು. ಹಗ್ಗವನ್ನು ಎಳೆದೆಳೆದು ಬಿಗಿಯುತ್ತಿದ್ದರು.

"ಇರ್ಲಿ ಬಿಡವಾ," ಎಂದರು, ನನ್ನ ಮುಖ ನೋಡದೆ. "ಧಾರವಾಡನೂ ಛಲೋ ಊರ ಅದ."

"ಅಪ್ಪಾ, ಇವು ಹೆಚ್ಚಾದವು ಅಷ್ಟ. ಉಳಿದವೆಲ್ಲಾ ಗ್ವಾಡಿ ಮ್ಯಾಲೆನ ಅವ. ಕ್ಲಾಸ್ ನಡೀತದ."

ಅವರ ಕೈ ನಿಂತಿತು.

"ಮತ್ತ ನಾ ಯಾಕ ಧಾರವಾಡಕ್ಕ ಕಳಸಾವ್ರಂಗ ಇಷ್ಟ ಬಿಗದೆ ಇದನ್ನ?" ಎಂದು ಗಂಟು ಬಿಚ್ಚಿ, ಸಡಿಲಾಗಿ ಮತ್ತೆ ಕಟ್ಟಿದರು.