ಗುರುವಾರ ಉಣ್ಣದ ಹುಡುಗಿ

ಈ ಹೊತ್ತು ಮಧ್ಯಾಹ್ನ ನಮ್ಮ ಪತಸಂಸ್ಥೆಯ, ಅಂದರೆ ಪತ್ತಿನ ಸಂಘದ, ಕಚೇರಿಯಲ್ಲಿ ಪಕ್ಕದ ಟೇಬಲ್ಲಿನವಳು ಡಬ್ಬಿ ತೆರೆದಳು. ಜೀರಿಗೆ, ಹಸಿಮೆಣಸಿನಕಾಯಿ, ತುಪ್ಪದಲ್ಲಿ ಹೊರಳಿದ ಶೇಂಗಾಪುಡಿ. ಸೋಲಾಪುರದಲ್ಲಿ ಗುರುವಾರ ಸಾಬೂದಾಣಿ ಖಿಚಡಿಯ ವಾಸನೆಯಿಂದ ತಪ್ಪಿಸಿಕೊಳ್ಳುವುದು ಸುಲಭವಲ್ಲ. "ಒಂದ ಚಮಚಾ ತಗೋರಿ" ಎಂದು ಅವಳು ವಾರವಾರ ಹೇಳುತ್ತಾಳೆ, ನಾನು ವಾರವಾರ ಚಹಾದ ನೆಪ ಮಾಡಿ ಎದ್ದು ಹೋಗುತ್ತೇನೆ. ಈ ಹೆಂಗಸಿಗೆ ಸೊಕ್ಕು ಬಹಳ ಎಂದು ಅವಳು ಅಂದುಕೊಂಡಿರಬಹುದು. ಅವಳಿಗೆ ಹೇಳಲಾಗದ್ದನ್ನು ನಿಮಗೆ ಹೇಳುತ್ತೇನೆ.

ಮೊದಲು ನಮ್ಮ ಮನೆಯ ಉಪವಾಸಗಳ ಬಗ್ಗೆ ಎರಡು ಮಾತು. ಉಪವಾಸ ಎಂದರೆ ನಮ್ಮಲ್ಲಿ ಉಣ್ಣದಿರುವುದು ಎಂದು ಯಾರೂ ತಿಳಿಯಬಾರದು. ಅಂದು ಒಲೆ ಉಳಿದ ದಿನಕ್ಕಿಂತ ಜಾಸ್ತಿ ಉರಿಯುತ್ತದೆ. ಖಿಚಡಿ, ಸಾವೆಅಕ್ಕಿಯ ಭಗರ, ಅದಕ್ಕೆ ಶೇಂಗಾದ ಸಾರು ಆಮಟಿ, ಬೇಯಿಸಿದ ಗೆಣಸು, ರಾಜಗಿರಿ ಉಂಡಿ. ನಮ್ಮ ಯಜಮಾನರು ಏಕಾದಶಿಯ ಮಾರನೆಯ ದಿನ ಹೊಟ್ಟೆ ಭಾರವಾಗಿದೆ ಎಂದು ಓಂಕಾಳು ಜಗಿಯುವ ಪೈಕಿ. ನಿಜವಾದ ಉಪವಾಸ ಮಾಡುತ್ತಿದ್ದವರು ಒಬ್ಬರೇ, ನನ್ನ ಅತ್ತೆ. ಮೈದುನನ ಸಂಸಾರದ ಜೊತೆ ಅಕ್ಕಲಕೋಟೆಯಲ್ಲಿದ್ದಾರೆ, ಎಲ್ಲರ ಬಾಯಲ್ಲೂ ಅವರು ಆಯಿ. ಲಗ್ನವಾಗಿ ಬಂದ ವರ್ಷ ಹಿಡಿದ ಗುರುವಾರವನ್ನು ಆಯಿ ಬಾಣಂತನದಲ್ಲೂ ಬಿಟ್ಟವರಲ್ಲ. ಸಂಜೆ ಗುಡಿಗೆ ಹೋಗಿ ಬಂದ ಮೇಲೇ ಒಂದು ತುತ್ತು. ಅವರ ಆ ನೇಮದ ಮುಂದೆ ನಾವೆಲ್ಲ ಬರೀ ತಿಂಡಿಪೋತರು.

ಹಾಗಾಗಿ ನಮ್ಮ ಮಗಳು ಅಕ್ಷತಾ, ಮನೆಯವರ ಅಕ್ಕು, ಒಂಬತ್ತನೆಯ ಇಯತ್ತೆಯಲ್ಲಿದ್ದಾಗ ಒಂದು ಬೆಳಿಗ್ಗೆ "ಮಮ್ಮಿ, ನಾನೂ ಗುರುವಾರ ಹಿಡೀತೀನಿ" ಎಂದಾಗ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಓರಗೆಯ ಮಕ್ಕಳೆಲ್ಲ ಮೊಬೈಲಿನಲ್ಲಿ ಮುಖ ಹುದುಗಿಸಿ ಕೂತಿರುವ ಕಾಲದಲ್ಲಿ ನನ್ನ ಮಗಳು ನೋಡಿ! ಆಯಿಗೆ ಫೋನ್ ಮಾಡಿದೆ. ಆಯಿ ಸಂಜೆಯೊಳಗೆ ಅಕ್ಕಲಕೋಟೆಯ ಅರ್ಧ ಊರಿಗೆ ಸುದ್ದಿ ಮುಟ್ಟಿಸಿದರು.

ಗುರುವಾರದ ಹಿಂದೆ ಸೋಮವಾರ ಬಂತು. ಸೋಮವಾರದ ಹಿಂದೆ ಶನಿವಾರ. ಖಿಚಡಿ ಬೇಡ, ಬರೀ ಹಣ್ಣು ಸಾಕು ಎಂದಳು. ಆಮೇಲೆ ಹಣ್ಣೂ ಬೇಡ, ಲಿಂಬೆಹಣ್ಣಿನ ನೀರು ಸಾಕು. ನಾವು ಅವಳ ಮುಂದೆ ದನಿ ತಗ್ಗಿಸಿ ಮಾತಾಡತೊಡಗಿದೆವು. ಕೆಳಮನೆಯ ಮರಾಠಿ ಹೆಂಗಸು, ನಮ್ಮೆಲ್ಲರ ವೈನಿ, ತನ್ನ ಮಗಳನ್ನು ಎಳೆದು ತಂದು "ಹಿಚಾ ಕಡೂನ ಶೀಕ ಕಾಹೀತರಿ", ಇವಳ ಕಡೆಯಿಂದ ಏನಾದರೂ ಕಲಿ, ಎಂದು ಬೈದದ್ದೂ ಉಂಟು. ಯಜಮಾನರು ಚೇಷ್ಟೆಗೆ ಕೈಮುಗಿದು "ಏನ್ ಮಾತಾಜಿ, ಆಶೀರ್ವಾದ ಮಾಡ್ರಿ" ಎನ್ನುತ್ತಿದ್ದರು. ಅವಳು ನಗುತ್ತಿರಲಿಲ್ಲ. ಬಾಗಿಲು ಹಾಕಿಕೊಂಡು ಒಳಗೆ ಹೋಗುತ್ತಿದ್ದಳು.

ಸೋಲಾಪುರದ ಏಪ್ರಿಲ್ ಬಿಸಿಲು ಹೇಗಿರುತ್ತದೆ ಎಂದು ನಿಮಗೆ ಗೊತ್ತಿದ್ದರೆ, ಆ ಬಿಸಿಲಲ್ಲಿ ಒಂದು ಹುಡುಗಿ ತುಂಬುತೋಳಿನ ಸ್ವೆಟರ್ ಹಾಕಿ ಓಡಾಡಿದರೆ ಏನೋ ಸರಿಯಿಲ್ಲ ಎಂದು ನಿಮಗೆ ತಟ್ಟನೆ ಹೊಳೆಯುತ್ತಿತ್ತು. ನಮಗೆ ಹೊಳೆಯಲಿಲ್ಲ. ಬಾಚಣಿಕೆಯಲ್ಲಿ ಕೂದಲ ಗಂಟು ಬಂದರೆ ಬೋರಿನ ನೀರಿಗೆ ಬೈದೆವು. ತಿಂಗಳ ಮುಟ್ಟು ನಿಂತರೆ ಮುಂದೆ ಬರುವ ದಹಾವಿಯ, ಹತ್ತನೆಯ ಇಯತ್ತೆಯ, ಟೆನ್ಶನ್ ಎಂದೆವು. ಮಾತೆತ್ತಿದರೆ ಸಿಡುಕುತ್ತಿದ್ದಳು, ವಯಸ್ಸು ಅಂಥದ್ದು ಎಂದೆವು. ದೇವರ ಹೆಸರು ಎದುರಿಗಿದ್ದಾಗ ಉಳಿದದ್ದನ್ನು ನೋಡುವುದು ನಮ್ಮಂಥ ಮನೆಗಳಲ್ಲಿ ಕಷ್ಟ.

ಆಮೇಲೆ ಒಂದು ದಿನ ಸಾಲೆಯಲ್ಲಿ ಪ್ರಾರ್ಥನೆಗೆ ನಿಂತವಳು ನಿಂತಲ್ಲೇ ಕುಸಿದಳು.

ಡಾಕ್ಟರಬಾಯಿ ಅವಳ ಕಣ್ಣಿನ ರೆಪ್ಪೆ ಎಳೆದು ನೋಡಿದರು, ಉಗುರು ಒತ್ತಿ ನೋಡಿದರು. "ಉಪವಾಸ ಮಾಡ್ತಾಳೇನ್ರಿ?" ಎಂದರು. ನಾನು ಆಗಲೂ ಸ್ವಲ್ಪ ಎದೆಯುಬ್ಬಿಸಿಯೇ ವಾರಗಳ ಹೆಸರು ಹೇಳಿದೆ. ಅವರು ಕೇಳಿಸಿಕೊಂಡು, "ಉಳಿದ ದಿವಸ ಏನ್ ಉಣ್ತಾಳ್ರಿ?" ಎಂದರು. ಸಾಲೆಗೆ ಕಟ್ಟಿಕೊಟ್ಟ ಡಬ್ಬಿ ಖಾಲಿಯಾಗಿ ಬರುತ್ತಿತ್ತು. ಅದು ಯಾರ ಹೊಟ್ಟೆಗೆ ಹೋಗುತ್ತಿತ್ತು ಎಂದು ನಾನು ಕೇಳಿರಲಿಲ್ಲ. ಅಕ್ಕುವನ್ನು ಹೊರಗೆ ಕೂರಿಸಿ ಅವರು ಮೆಲ್ಲಗೆ ಹೇಳಿದರು: "ಇದು ದೇವರ ಮ್ಯಾಲಿನ ಭಕ್ತಿ ಅಲ್ಲರಿ. ತನ್ನ ಮೈ ಮ್ಯಾಲಿನ ಸಿಟ್ಟು. ಇದೂ ಒಂದು ಜಡ್ಡು. ಬೈದರ ಹೋಗೂದಿಲ್ಲ."

ರಕ್ತ ಹೆಚ್ಚಾಗುವ ಗುಳಿಗೆಗಳು ಶುರುವಾದವು. ವಾರಕ್ಕೊಮ್ಮೆ ಕೌನ್ಸೆಲಿಂಗ್ ಮಾಡುವ ಮೇಡಮ್ ಹತ್ತಿರ ಹೋಗುವುದು ಶುರುವಾಯಿತು. ಆದರೆ ಉಪವಾಸ ನಿಲ್ಲಲಿಲ್ಲ. ಉಣ್ಣು ಎಂದರೆ ಅಕ್ಕು ನನ್ನ ಮುಖವನ್ನೇ ನೋಡಿ, "ದೇವರದು ಹೆಂಗ ಬಿಡ್ಲಿ ಮಮ್ಮಿ? ಪಾಪ ಬರ್ತದ ಅಂತ ನೀವಽ ಅಂತೀರಲ್ಲ" ಎನ್ನುತ್ತಿದ್ದಳು. ನಾವೇ ಕಟ್ಟಿದ ಗೋಡೆ. ಅದರ ಆಚೆ ನಿಂತು ಮಗು ಕರಗುತ್ತಿದ್ದರೆ ಯಾವ ಇಟ್ಟಿಗೆ ತೆಗೆಯಬೇಕೆಂದು ನಮಗೆ ತಿಳಿಯುತ್ತಿರಲಿಲ್ಲ. ಆ ದಿನಗಳಲ್ಲಿ ನನಗಿದ್ದ ಹೆದರಿಕೆಯನ್ನು ಇಂದಿಗೂ ಪೂರ್ತಿ ಹೇಳಲಾರೆ. ಅವಳು ಸ್ನಾನಕ್ಕೆ ಹೋದರೆ ಬಾಗಿಲ ಹೊರಗೆ ನಿಂತು ನೀರಿನ ಸದ್ದು ಕೇಳಿಸಿಕೊಳ್ಳುತ್ತಿದ್ದೆ.

ಎಷ್ಟೋ ಸಲ ಹೋದ ಮೇಲೆ ಅಕ್ಕು ಮೇಡಮ್ ಮುಂದೆ ಬಾಯಿಬಿಟ್ಟಳು, ಮಮ್ಮಿಗೆ ಹೇಳಬಹುದು ಎಂದೂ ಒಪ್ಪಿದಳು. ಅವಳು ಗುರುವಾರ ಹಿಡಿಯುವ ಕೆಲವು ದಿನ ಮೊದಲು ಅಕ್ಕಲಕೋಟೆಯಲ್ಲಿ ನಂಟರ ಒಂದು ಲಗ್ನವಿತ್ತು. ಹುಡುಗಿಗೆ ಮೊದಲ ಸಲ ಸೀರೆ ಉಡಿಸಿದ್ದು ಆಯಿ. ನಿರಿಗೆಗೆ ಸೀರೆ ಸಾಲದೆ ಬಂತು. ಆಯಿ ಅವಳ ಸೊಂಟಕ್ಕೆ ಪ್ರೀತಿಯಿಂದ ಒಂದು ಏಟು ಕೊಟ್ಟು, ಕೋಣೆ ತುಂಬ ಹೆಂಗಸರ ಮುಂದೆ, "ಅಯ್ಯ, ಇಕಿಗಿ ಒಂದ ಸೀರಿ ಸಾಲೂದಿಲ್ರೇ, ಎರಡು ಕೂಡಿಸಿ ಹೊಲಿಸಬೇಕು!" ಎಂದಿದ್ದರು. ಎಲ್ಲರೂ ನಕ್ಕಿದ್ದರು. ನಾನೂ ಅಲ್ಲೇ ಇದ್ದೆ, ಕೈಯಲ್ಲಿ ಪಿನ್ನು ಹಿಡಿದು. ಮೈತುಂಬಿಕೊಂಡ ಹುಡುಗಿ ಎಂದರೆ ಆಯಿಯ ಕಾಲದಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇರಲಿಲ್ಲ.

"ಆಯಿಗಿ ಹೇಳಬ್ಯಾಡ. ಎದಿ ಒಡಕೋತಾಳ" ಎಂದರು ಯಜಮಾನರು. ಅವರ ಮಾತು ನನಗೂ ಸರಿ ಕಂಡಿತ್ತು. ಆದರೂ ಮುಂದಿನ ಭಾನುವಾರ ಎಸ್‌ಟಿ ಬಸ್ ಹತ್ತಿ ಅಕ್ಕಲಕೋಟೆಗೆ ಹೋದೆ. ಆಯಿ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದರು. ನಾನು ಹೇಳುತ್ತ ಹೋದ ಹಾಗೆ ಮೊರ ನಿಂತಿತು.

"ಛಂದ ಕಾಣ್ತಾಳ ಅಂತ ಅಂದಿದ್ನಲ್ಲ ಬೇ ನಾ" ಎಂದರು.

"ಗೊತ್ತದರಿ ಆಯಿ."

"ಅಕಿಗಿ ಗೊತ್ತಿಲ್ಲಲ್ಲ."

ಆಯಿ ಮೊರವನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ ಕಾಳಿನ ಧೂಳು ಕೊಡವಿಕೊಂಡು ಎದ್ದು, "ಬರೂ ಗುರುವಾರ ನಂದು ಉದ್ಯಾಪನ. ಹುಡುಗೀನ ಕರಕೊಂಡು ಬರ್ರಿ" ಎಂದರು. ನಾನು ತಬ್ಬಿಬ್ಬಾದೆ. ಹಿಡಿದ ವ್ರತವನ್ನು ಸುಮ್ಮನೆ ಬಿಡುವಂತಿಲ್ಲ. ಪೂಜೆ ಮಾಡಿ, ಮುತ್ತೈದೆಯನ್ನೋ ಕುಮಾರಿಕೆಯನ್ನೋ ಕೂರಿಸಿ ಉಣ್ಣಿಸಿ, ದೇವರಿಗೆ ಒಪ್ಪಿಸಿ ಮುಗಿಸಬೇಕು. ಅದೇ ಉದ್ಯಾಪನ. ಆದರೆ ಆಯಿಯ ಗುರುವಾರ ಆಯಿಯ ಜೊತೆಗೇ ಹೋಗುವಂಥದ್ದು ಎಂದು ನಾವೆಲ್ಲ ತಿಳಿದಿದ್ದೆವು.

ಗುರುವಾರ ಆಯಿ ನಡುಮನೆಯಲ್ಲಿ ಮಣೆ ಹಾಕಿ ಅಕ್ಕುವನ್ನು ಕೂರಿಸಿದರು. ನೆರೆಯ ಮುದುಕಿಯೊಬ್ಬಳು "ಇಷ್ಟ ದೊಡ್ಡ ಹುಡುಗಿ ಕುಮಾರಿಕಾ ಹೆಂಗಾಗ್ತಾಳ?" ಎಂದು ಗೊಣಗಿದಳು. "ಲಗ್ನ ಆಗಿಲ್ಲಲ್ಲ? ಸುಮ್ಮ ಕೂಡು" ಎಂದರು ಆಯಿ. ಮೊಮ್ಮಗಳ ಕಾಲು ತೊಳೆದರು, ಒರೆಸಿದರು, ಅರಿಶಿನ ಕುಂಕುಮ ಹಚ್ಚಿದರು. ಇಲ್ಲಿಯವರೆಗೆ ಎಲ್ಲ ರೂಢಿಯಂತೆಯೇ ನಡೆಯಿತು. ಕುಮಾರಿಕೆಗೆ ನಮಸ್ಕಾರ ಮಾಡುವುದೂ ರೂಢಿಯೇ. ಆಯಿ ಬಗ್ಗಿ ಆ ಸಣಕಲು ಪಾದಗಳ ಮೇಲೆ ಹಣೆ ಇಟ್ಟು, ಏಳಲಿಲ್ಲ.

"ನನ್ನ ಬಾಯಿ ತಪ್ಪಾತವ್ವ" ಎಂದರು, ಎಲ್ಲರಿಗೂ ಕೇಳುವಂತೆ. "ನಿನ್ನ ಮೈಗಿ ನಾ ಏನೂ ಅನಬಾರದಿತ್ತು."

ಹಿರಿಯರು ಮಕ್ಕಳ ಮುಂದೆ ತಪ್ಪೊಪ್ಪಿಕೊಳ್ಳುವ ಪದ್ಧತಿ ನಮ್ಮಲ್ಲಿಲ್ಲ, ನಿಮ್ಮಲ್ಲೂ ಇರಲಿಕ್ಕಿಲ್ಲ. ಇದ್ದ ಒಂದೇ ಬಾಗಿಲನ್ನು ಆಯಿ ಹುಡುಕಿಕೊಂಡಿದ್ದರು. ಅಕ್ಕು ಬೆಂಕಿ ತಾಗಿದವಳಂತೆ ಕಾಲೆಳೆದುಕೊಂಡು, "ಆಯಿ, ಬ್ಯಾಡ, ಏಳ ನೀ" ಎಂದು ಅವರ ತೋಳು ಹಿಡಿದು ಎತ್ತಲು ನೋಡಿದಳು.

ಆಮೇಲೆ ಎಲೆ ಬಂತು. ಹೋಳಿಗೆ, ಕಟ್ಟಿನ ಸಾರು, ಅನ್ನ. ಕುಮಾರಿಕೆ ಉಂಡ ಮೇಲೇ ವ್ರತ ಮುಗಿಸುವವರು ಉಣ್ಣಬೇಕು. ಅವಳು ಉಣ್ಣದಿದ್ದರೆ ಆಯಿ ಹಸಿದೇ ಉಳಿಯಬೇಕು, ಆ ಪಾಪವೂ ಹುಡುಗಿಯ ತಲೆಗೆ. ಊಟದ ಹೊತ್ತಿಗೆ ಅವಳ ಮೇಲೆ ಯಾವ ಭಾರವನ್ನೂ ಹೇರಬೇಡಿ ಎಂದು ಮೇಡಮ್ ಹೇಳಿದ್ದರು. ಅಕ್ಕು ಎಲೆ ನೋಡುತ್ತ ಕೂತಳು. ನಾವೆಲ್ಲ ಅಕ್ಕುವನ್ನು ನೋಡುತ್ತ ಕೂತೆವು. ಅವಳ ಕಣ್ಣು ತುಂಬಿಕೊಂಡಿತು.

ಆಯಿ ಎದುರಿಗೆ ಇನ್ನೊಂದು ಎಲೆ ಎಳೆದುಕೊಂಡು ಕೂತರು. ಹೋಳಿಗೆ ಮುರಿದು ಬಾಯಿಗೆ ಇಟ್ಟುಕೊಂಡೇ ಬಿಟ್ಟರು. ಮುದುಕಿ ಹೌಹಾರಿದಳು. "ನಂದು ಮುಗೀತು" ಎಂದರು ಆಯಿ ತುಂಬಿದ ಬಾಯಲ್ಲೇ. "ನೀ ಉಂಡರ ಉಣ್ಣು, ಬಿಟ್ಟರ ಬಿಡವ್ವ. ನಿಂದು ನಿನಗ ಬಿಟ್ಟದ್ದು. ನನಗಂತೂ ಭಾಳ ವರ್ಷದ ಹಸಿವು ಅದ."

ಜೀವಮಾನವೆಲ್ಲ ಒಂದು ನೇಮ ತಪ್ಪದವರು, ಮೊಮ್ಮಗಳಿಗೆ ಭಾರವಾಗಬಾರದೆಂದು ನೇಮ ಮುರಿದು ಉಣ್ಣುತ್ತಿದ್ದರು. ನಾನು ಸೆರಗಿನಿಂದ ಮುಖ ಮುಚ್ಚಿಕೊಂಡೆ. ತೆಗೆದು ನೋಡಿದಾಗ ಅಕ್ಕು ಒಂದಿಷ್ಟು ಅನ್ನಕ್ಕೆ ಸಾರು ಕಲಸುತ್ತಿದ್ದಳು. ತುತ್ತು ಮೂರೋ ನಾಲ್ಕೋ. ಅಷ್ಟೇ.

ಅಂದೇ ಎಲ್ಲ ಸರಿಹೋಯಿತು ಎಂದರೆ ಸುಳ್ಳಾಗುತ್ತದೆ. ಗುಳಿಗೆ, ಮೇಡಮ್, ಅಳು, ಬಾಗಿಲು ಬಡಿತ ಎಲ್ಲ ಬಹಳ ದಿನ ನಡೆದವು. ಆದರೆ ಕೆಲವು ವಾರಗಳ ಮೇಲೆ ಅಕ್ಕು ತಾನಾಗಿ ಬಂದು, "ಮಮ್ಮಿ, ನನ್ನ ಉಪವಾಸಕ್ಕೂ ಉದ್ಯಾಪನ ಇರ್ತದೇನ?" ಎಂದಳು. ಇರುತ್ತದೆ ಎಂದೆ. ದೇವರ ಮುಂದೆ ಒಂದು ಕಾಯಿ ಒಡೆದು ಮುಗಿಸಿದೆವು. ಅವಳೂ ಎಂದಿನಿಂದಲೋ ಹೊರಬರುವ ದಾರಿ ನೋಡುತ್ತಿದ್ದಳು, ನಮ್ಮ ಮೆಚ್ಚುಗೆಯೇ ಅಡ್ಡ ನಿಂತಿತ್ತು.

ಈಗ ಅವಳು ಕಾಲೇಜಿಗೆ ಹೋಗುತ್ತಾಳೆ. ಒಳ್ಳೆಯ ದಿನಗಳೂ ಇವೆ, ತಟ್ಟೆ ಅರ್ಧಕ್ಕೆ ಉಳಿಯುವ ದಿನಗಳೂ ಇವೆ. ಅವಳ ತಟ್ಟೆಯ ಕಡೆ ಕಣ್ಣು ಹಾಯಿಸದೆ ಇರುವುದನ್ನು ನಾನು ಕಲಿತಿದ್ದೇನೆ. ಬಿ.ಕಾಂ. ಪಾಸಾಗುವುದು ಇದಕ್ಕಿಂತ ಸುಲಭವಿತ್ತು.

ಈ ಸಂಜೆ ನಾನು ಮನೆಗೆ ಬಂದು ಹೆಗಲ ಪರ್ಸನ್ನೂ ಇಳಿಸಿರಲಿಲ್ಲ. ಮೆಟ್ಟಿಲಲ್ಲಿ ದಡದಡ ಸದ್ದು. ಬ್ಯಾಗು ಒಂದು ಕಡೆ, ಚಪ್ಪಲಿ ಒಂದು ಕಡೆ ಬಿತ್ತು. "ಮಮ್ಮಿ, ಜಾಮ್ ಭೂಕ ಲಾಗ್ಲೀ! ಹಸಿವ್ಯಾಗಿ ಸಾಯಾಕತ್ತೀನಿ, ಏನರೆ ಕೊಡು!"

ಈ ಮಾತು ಅವಳ ಬಾಯಿಂದ ಕೇಳಿ ವರ್ಷಗಳಾಗಿದ್ದವು. ಏನೂ ಆಗದವಳಂತೆ, "ತಡಿ, ಪಲ್ಯ ಬಿಸಿ ಮಾಡ್ತೀನಿ" ಎಂದು ಒಲೆ ಹಚ್ಚಿದೆ. ಅವಳು ತಡೆಯಲಿಲ್ಲ. ಬುಟ್ಟಿಯ ಅರಿವೆ ಸರಿಸಿ ಖಡಕ್ ರೊಟ್ಟಿ ತೆಗೆದುಕೊಂಡು, ನಿಂತಲ್ಲೇ ಮುರಿದು ತಿನ್ನತೊಡಗಿದಳು. ಬೆನ್ನ ಹಿಂದೆ ಕಟಕಟ, ಕಟಕಟ.

ನಾನು ತಿರುಗಿ ನೋಡಲಿಲ್ಲ. ಪಲ್ಯ ತಳ ಹತ್ತಿದರೂ ಸೌಟು ಆಡಿಸಲಿಲ್ಲ, ಆ ಸದ್ದಿಗೆ ನನ್ನ ಸದ್ದು ಅಡ್ಡ ಬರಬಾರದೆಂದು.