ಮಂಗಟ್ಟೆ ಗೂಡಿನ ಕೆಳಗೆ ಮೂರು ದಿನ

ಹೊಟ್ಟೆಕಿಚ್ಚಿಗೆ ನಾನು ಬೇರೆ ಹೆಸರು ಹುಡುಕುವುದಿಲ್ಲ. ನಮ್ಮ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಿದ್ದ ಹೆಂಗಸಿನ ಮೇಲೆ ಎರಡು ವರ್ಷ ಒಳಗೊಳಗೇ ಉರಿದವಳು ನಾನು. ಅವಳು ನಿನ್ನದು ಅಂಥದ್ದೇನು ಕಸಿದುಕೊಂಡಳು ಎಂದು ಯಾರಾದರೂ ಕೇಳಿದ್ದರೆ ಬಾಯಿಬಿಡಲು ನಾಚಿಕೆಯಾಗುತ್ತಿತ್ತು. ಅವಳು ಕಸಿದುಕೊಂಡದ್ದು ನನ್ನ ಮಕ್ಕಳನ್ನು. ನಾಲ್ಕು ಮತ್ತು ಐದನೇ ತರಗತಿಯ ಇಪ್ಪತ್ತೊಂದು ಮಕ್ಕಳು, ಹಾಜರಿ ಪುಸ್ತಕದಲ್ಲಿ ನನ್ನವರು, ಉಳಿದ ಹೊತ್ತಿನಲ್ಲಿ ಅವಳವರು.

ಶಾಲೆ ಇದ್ದದ್ದು ಜೋಯಿಡಾ ತಾಲ್ಲೂಕಿನಲ್ಲಿ, ಕಾಡಿಗೆ ಬೆನ್ನು ತಾಗಿಸಿ ಕೂತ ಒಂದು ಹಳ್ಳಿಯಲ್ಲಿ. ನಾನು ಅಂಬಿಕಾನಗರದ ಕ್ವಾರ್ಟರ್ಸಿನಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಹುಟ್ಟಿ ಬೆಳೆದದ್ದು ದಾಂಡೇಲಿಯಲ್ಲಿ; ಅಪ್ಪ ಧಾರವಾಡದ ಕಡೆಯಿಂದ ಪೇಪರ್ ಮಿಲ್ಲಿನ ಕೆಲಸಕ್ಕೆ ಬಂದವರು. ಸುತ್ತ ಕಾಡಿದ್ದರೂ ನನಗೆ ಕಾಡೆಂದರೆ ಬಸ್ಸಿನ ಕಿಟಕಿಯಾಚೆ ಓಡುವ ಮರಗಳು, ಅಷ್ಟೇ. ಉಳಿದದ್ದನ್ನೆಲ್ಲ ಓದಿಯೇ ಕಲಿತೆ. ಓದಿದ್ದನ್ನು ಶ್ರದ್ಧೆಯಿಂದಲೇ ಕಲಿಸಿದೆ, ಅದರಲ್ಲಿ ನನ್ನನ್ನು ಯಾರೂ ಆಡಿಕೊಳ್ಳುವಂತಿಲ್ಲ. ಗೋಡೆ ತುಂಬ ಚಾರ್ಟು ಮಾಡಿದ್ದೆ: ಹಕ್ಕಿ, ಅದರ ಮನೆ, ಅದರ ಊಟ. ರಾತ್ರಿ ಅಡುಗೆ ಮುಗಿಸಿ ಕೂತು ಅಂಟಿಸಿದ ಚಿತ್ರಗಳವು.

ಅಡುಗೆಯವಳನ್ನು ಮಕ್ಕಳು 'ಮಾವಶಿ' ಎನ್ನುತ್ತಿದ್ದರು, ಚಿಕ್ಕಮ್ಮ ಎನ್ನುವ ಹಾಗೆ. ನಾನು 'ಟೀಚರ್'. ಇಷ್ಟರಲ್ಲೇ ಅರ್ಧ ಕಥೆ ಮುಗಿಯಿತು ನೋಡಿ! ಅವಳು ಸಿದ್ದಿ ಮನೆತನದವಳು, ಹಳಿಯಾಳದ ಕಡೆಯಿಂದ ಮದುವೆಯಾಗಿ ಬಂದವಳು. ಮನೆಯಲ್ಲಿ ಕೊಂಕಣಿ, ನಮ್ಮೊಂದಿಗೆ ಕನ್ನಡ, ರಾಮನಗರದಿಂದ ತರಕಾರಿ ತರುವವನ ಜೊತೆ ಮರಾಠಿಯಲ್ಲಿ ಜಗಳ. ದೊಡ್ಡ ದನಿ, ಅದಕ್ಕಿಂತ ದೊಡ್ಡ ನಗು. ನಾನು ಪಾಠ ಮಾಡುವಾಗ ಆ ನಗು ಅಡುಗೆಮನೆಯಿಂದ ಬಂದರೆ ಇಪ್ಪತ್ತೊಂದು ಕತ್ತುಗಳೂ ಒಟ್ಟಿಗೇ ಅತ್ತ ತಿರುಗುತ್ತಿದ್ದವು. ಮೈ ಉರಿಯದೆ ಇರುತ್ತದೆಯೇ?

ಮೊದಲ ಪೆಟ್ಟು ಬಿದ್ದದ್ದು ಕಾಸರಕದ ಪಾಠದ ದಿನ. ಕಾಸರಕದ ಕಾಯಿ ವಿಷ, ಅದನ್ನು ಯಾವ ಪ್ರಾಣಿಯೂ ಮುಟ್ಟುವುದಿಲ್ಲ ಎಂದು ನಾನು ಹೇಳುತ್ತಿದ್ದೆ. ಮುಂದಿನ ಸಾಲಿನ, ಎರಡು ಜಡೆಯ ಹುಡುಗಿ ಎದ್ದು ನಿಂತಳು.

"ಮಂಗಟ್ಟೆ ತಿಂತೈತ್ರಿ ಟೀಚರ್."

"ಯಾರ ಹೇಳಿದ್ರು ನಿನಗ?"

"ಮಾವಶಿ ತೋರ್ಸ್ಯಾಳ್ರಿ. ಹಣ್ಣ ಗಬಕ್ಕನ ನುಂಗತೈತಿ, ಬೀಜ ಹೊರಗ ಉಗುಳತೈತಿ."

ತರಗತಿಗೆ ತರಗತಿಯೇ ಹೌದೆಂದು ತಲೆಯಾಡಿಸಿತು. ಆ ರಾತ್ರಿ ಫೋನಿನಲ್ಲಿ ಹುಡುಕಿ ನೋಡಿದೆ. ಹುಡುಗಿ ಹೇಳಿದ್ದೇ ಸರಿ. ಮರುದಿನ "ನಿನ್ನೆ ನಾನು ತಪ್ಪು ಹೇಳಿದೆ" ಎನ್ನಬಹುದಿತ್ತು. ಎನ್ನಲಿಲ್ಲ. ಕಾಸರಕವನ್ನು ಅಲ್ಲಿಗೇ ಬಿಟ್ಟು ಮುಂದಿನ ಪಾಠಕ್ಕೆ ಹಾರಿದೆ.

ಮಂಗಟ್ಟೆ ಎಂದರೆ ನಮ್ಮ ಕಡೆಯ ದೊಡ್ಡ ಕೊಕ್ಕಿನ ಹಕ್ಕಿ. ಬೇಸಿಗೆಯ ಹೊತ್ತಿಗೆ ಹೆಣ್ಣು ಹಳೇ ಮರದ ಪೊಟರೆಯೊಳಗೆ ಹೊಕ್ಕು ಬಾಗಿಲನ್ನು ಮೆತ್ತಿಕೊಂಡುಬಿಡುತ್ತದೆ, ಕೊಕ್ಕು ತೂರುವಷ್ಟು ಸಂದು ಮಾತ್ರ ಉಳಿಸಿಕೊಂಡು. ಮೊಟ್ಟೆಯೊಡೆದು ಮರಿ ಬೆಳೆಯುವ ತನಕ ಒಳಗಿನವರ ಹೊಟ್ಟೆಪಾಡು ಪೂರ್ತಿ ಗಂಡಿನದು. ಆ ವರ್ಷ ಶಾಲೆಯ ಹಿಂದಿನ ಹಳ್ಳದಾಚೆ ಒಂದು ತಾರೆ ಮರದಲ್ಲಿ ಮಂಗಟ್ಟೆ ಗೂಡು ಮಾಡಿತ್ತು. ಕಂಡುಹಿಡಿದವಳು ಯಾರು ಎಂದು ಹೇಳಬೇಕಾಗಿಲ್ಲ.

ಮಾವಶಿಯ ಪಾಠ ಅನ್ನದ ಜೊತೆಗೇ ನಡೆಯುತ್ತಿತ್ತು. ಒಲೆಯ ಮೇಲೆ ಅಕ್ಕಿ ಇಟ್ಟ ಗಳಿಗೆಯಿಂದ ಗಂಜಿ ಬಸಿಯುವ ತನಕ ಇಬ್ಬರು ಮಕ್ಕಳು ಅಡುಗೆಮನೆಯ ಹಿಂದಿನ ಕಟ್ಟೆಯ ಮೇಲೆ ಕೂತು ಮರದ ಕಡೆ ಕಣ್ಣು ನೆಟ್ಟಿರಬೇಕು. ಗಂಡು ಬಂದು ಉಣಿಸಿ ಹೋದರೆ ಸ್ಟೀಲಿನ ಲೋಟಕ್ಕೆ ಒಂದು ಹುಣಸೆ ಬೀಜ. ಊಟ ಬಡಿಸುವ ಮುಂಚೆ ಅವಳು "ಇವತ್ತ ಎಷ್ಟ?" ಎಂದು ಕೂಗುತ್ತಿದ್ದಳು. ಬೀಜ ಇದ್ದರೆ "ಅಕೀದೂ ಊಟ ಆತು, ಇನ್ನ ನೀವು ಉಣ್ರಿ" ಎನ್ನುತ್ತಿದ್ದಳು. ಒಳಗಿನ ಹಕ್ಕಿ ಉಂಡ ಮೇಲೇ ನಮ್ಮ ಶಾಲೆಯ ಊಟ. ಹಳ್ಳ ದಾಟುವಂತಿಲ್ಲ, ಮರದ ಕಡೆ ಕೈ ತೋರುವಂತಿಲ್ಲ. ಆ ಲೋಟದ ಸರದಿಗಾಗಿ ಮಕ್ಕಳು ಜಗಳವಾಡುತ್ತಿದ್ದರು. ನನ್ನ ಚಾರ್ಟಿಗಾಗಿ ಯಾರೂ ಜಗಳವಾಡಿದ್ದಿಲ್ಲ.

ನಾನೂ ಒಂದು ದುರ್ಬೀನು ತರಿಸಿದೆ. ಯಾಕೆ ಎಂದು ಕೇಳಬೇಡಿ. ಗೊತ್ತೇ ಇದೆಯಲ್ಲ.

ಮಾರ್ಚ್‌ನಲ್ಲಿ ಮಾವಶಿ ಮುಂಡಗೋಡದ ಚಿಗಳ್ಳಿಗೆ ಹೊರಟಳು. ಅಲ್ಲಿ ಅವಳ ತಂಗಿಯ ಮಗಳ ಬಾಣಂತನವಿತ್ತು. ಮೂರು ದಿನ ಬೇರೊಬ್ಬಾಕೆ ಅಡುಗೆಗೆ ಬಂದಳು. ನನಗೆ ಹಬ್ಬ. ಮೊದಲ ದಿನವೇ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಇಂದು ಹೊರಗೆ ಪಾಠ, ಹಳ್ಳದಾಚೆಗೆ ನಡೆಯಿರಿ ಎಂದೆ. ಸಾಲು ಅಲುಗಲಿಲ್ಲ.

"ಮಾವಶಿ ಗಿಡದ ಬುಡಕ್ಕ ಹೋಗಬ್ಯಾಡ್ರಿ ಅಂದಾಳ್ರಿ," ಎಂದಳು ಎರಡು ಜಡೆಯ ಹುಡುಗಿ.

"ಮಾವಶಿ ಏನು ನಿಮ್ಮ ಟೀಚರಾ?" ಎಂದೆ. ದನಿ ನಾನೆಣಿಸಿದ್ದಕ್ಕಿಂತ ಜೋರಾಗಿಯೇ ಬಂತು. "ಇಲ್ಲಿ ಟೀಚರ್ ಯಾರು? ನಡೀರಿ!"

ನಡೆದರು. ಮರದ ಕೆಳಗೆ ಅರ್ಧ ಚಂದ್ರದ ಹಾಗೆ ಕೂರಿಸಿದೆ. ದುರ್ಬೀನಿನಲ್ಲಿ ಪೊಟರೆಯ ಸಂದು ಕೈಗೆಟಕುವಷ್ಟು ಹತ್ತಿರ ಕಂಡಿತು. ಸಂದಿನಲ್ಲಿ ಹಳದಿ ಕೊಕ್ಕಿನ ತುದಿ ಅಲುಗಿತು. "ಅಯ್ಯಯ್ಯ, ಕಾಣಸ್ತು!" ಎಂದು ಹುಡುಗನೊಬ್ಬ ಕುಣಿದ. ಅದುವರೆಗಿನ ಹಟವನ್ನೆಲ್ಲ ಮರೆತು ಮಕ್ಕಳು ನನಗೆ ಮುತ್ತಿಕೊಂಡರು. ಟೀಚರ್ ನನಗ, ಟೀಚರ್ ನನಗ! ನನ್ನ ಸೆರಗು ಹಿಡಿದು ಎಳೆದರು. ಎರಡು ವರ್ಷದಲ್ಲಿ ಅವರು ನನ್ನ ಸೆರಗು ಹಿಡಿದದ್ದು ಅದೇ ಮೊದಲು. ಇಂದಿಗೂ ಆ ಎಳೆತ ನೆನಪಿದೆ ನನಗೆ.

ಎಲ್ಲರಿಗೂ ಒಂದೇ ದಿನದಲ್ಲಿ ಸರದಿ ಸಿಗಲಿಲ್ಲ. ಮರುದಿನವೂ ಹೋದೆವು, ಅದರ ಮರುದಿನವೂ. ಬೆಳಗಿನ ಪ್ರಾರ್ಥನೆ ಮುಗಿಸಿ ಹೋದರೆ ಮಧ್ಯಾಹ್ನದ ಊಟಕ್ಕೇ ವಾಪಸು. ಊಟವಾದ ಮೇಲೂ ಬೇಡಿದರು, ಕರೆದುಕೊಂಡು ಹೋದೆ. ಬೇಡಿಸಿಕೊಳ್ಳುವ ಸುಖ ಅದು. ಗಂಡು ಹಕ್ಕಿ ದೂರದ ಮತ್ತಿ ಮರಕ್ಕೆ ಬಂದು ಕೂರುತ್ತಿತ್ತು. ಕೊಕ್ಕಿನಲ್ಲಿ ಅತ್ತಿಹಣ್ಣು. ಕರ್ಕಶವಾಗಿ ಕೂಗಿ, ಸ್ವಲ್ಪ ಹೊತ್ತು ಕೂತು, ಹಾರಿ ಹೋಗುತ್ತಿತ್ತು. "ನೋಡ್ರಿ, ನಮ್ಮನ್ನ ನೋಡಾಕ ಬಂದೈತಿ," ಎಂದೆ ನಾನು, ಮಹಾ ತಿಳಿದವಳ ಹಾಗೆ. ಗೂಡಿಗೆ ತೊಂದರೆ ಕೊಡಬಾರದು ಎಂದು ಹಿಂದಿನ ವಾರವಷ್ಟೇ ಕಪ್ಪುಹಲಗೆಯ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಬರೆಸಿದವಳು ನಾನೇ. ತೊಂದರೆ ಎಂದರೆ ಕಲ್ಲು ಹೊಡೆಯುವುದು, ಮರ ಕಡಿಯುವುದು ಎಂದುಕೊಂಡಿದ್ದೆ. ಸುಮ್ಮನೆ ಕೂತು ನೋಡುವುದೂ ತೊಂದರೆ ಎಂದು ಹೊಳೆಯಲೇ ಇಲ್ಲ.

ಮೂರನೆಯ ದಿನ ಎರಡು ಜಡೆಯವಳು ದುರ್ಬೀನನ್ನು ಮುಟ್ಟಲಿಲ್ಲ. ದೂರ ಹೋಗಿ ಹಳ್ಳದ ದಂಡೆಯ ಮೇಲೆ ಕೂತಳು.

"ಯಾಕ, ಏನಾತು ನಿನಗ?"

"ಒಳಗಿಂದು ಹಸದೈತ್ರಿ. ಇವತ್ತೂ ಉಂಡಿಲ್ಲರಿ."

"ನೀನ ಹೋಗಿ ನೋಡಿ ಬಂದ್ಯಾ? ಸುಮ್ನ ಕೂಡ," ಎಂದು ಗದರಿದೆ. ನನ್ನ ಮನಸ್ಸೂ ಒಂದು ಗಳಿಗೆ ಅಳುಕಿತು. ಆದರೆ ಸೆರಗು ಎಳೆಯುತ್ತಿದ್ದರಲ್ಲ ಉಳಿದವರು.

ನಾಲ್ಕನೆಯ ದಿನ ಮಾವಶಿ ಬಂದಳು. ಬಂದವಳೇ ಲೋಟ ಎತ್ತಿ ನೋಡಿದಳು. ಖಾಲಿ. ನಿನ್ನೆಯದು ಎಷ್ಟು, ಮೊನ್ನೆಯದು ಎಷ್ಟು ಎಂದು ಕೇಳಿದಳು. ನಾನು ಆ ದಿನದ ಊಟದ ಸಂಖ್ಯೆ ಹೇಳಲು ಅಡುಗೆಮನೆಯ ಬಾಗಿಲಿಗೆ ಬಂದವಳು ಅಲ್ಲೇ ನಿಂತೆ.

"ಗಿಡದ ಬುಡಕ್ಕ ಯಾರ ಹೋಗಿದ್ರು?" ಎಂದಳು. ಅವಳ ದನಿ ಅಷ್ಟು ಸಣ್ಣಗಾಗಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

ಎರಡು ಜಡೆಯವಳು ಮುಂದೆ ಬಂದಳು. "ನಾವ ಹೋಗಿದ್ವಿ ಮಾವಶಿ. ಆಟದ ಪಿರಿಯಡ್‌ನ್ಯಾಗ. ಟೀಚರ್‌ಗೆ ಗೊತ್ತ ಇಲ್ಲ."

"ಹೌದ ಮಾವಶಿ, ನಾವ," ಎಂದ, ಮರದ ಕೆಳಗೆ ಕುಣಿದಿದ್ದ ಹುಡುಗ. ಒಬ್ಬೊಬ್ಬರಾಗಿ ಎಲ್ಲರೂ ತಲೆಯಾಡಿಸಿದರು. ಮೊದಲೇ ಮಾತಾಡಿಕೊಂಡಿದ್ದರು, ನೋಡಿದರೆ ತಿಳಿಯುತ್ತಿತ್ತು.

ಮಾವಶಿ ಅವರನ್ನು ನೋಡಿದಳು, ನನ್ನನ್ನೂ ನೋಡಿದಳು. ಆಗ ಒಂದೇ ಒಂದು ಮಾತು ಆಡಿದ್ದರೆ ಸಾಕಿತ್ತು. "ಇವತ್ತ ಹತ್ತೊಂಬತ್ತ ಮಂದಿ ಊಟಕ್ಕ," ಎಂದು ಹೇಳಿ ಬಂದುಬಿಟ್ಟೆ. ಥೂ!

ಅವಳು ಮಕ್ಕಳಿಗೆ ಹೊಡೆಯಲಿಲ್ಲ, ಬೈಯಲೂ ಇಲ್ಲ. ಶಾಲೆಗೆ ರಜೆ ಬಿಡುವ ತನಕ ಒಬ್ಬರೂ ಅಡುಗೆಮನೆಯ ಹಿಂದಿನ ಕಟ್ಟೆಗೆ ಬರಕೂಡದು ಎಂದಳು, ಅಷ್ಟೇ. ಆ ಕಟ್ಟೆಯೇ ಅವರ ಪ್ರಾಣ. ಗಂಡು ಹಕ್ಕಿ ಮತ್ತೆ ಬರತೊಡಗಿದೆ ಎನ್ನುವುದು ಎರಡು ದಿನ ಬಿಟ್ಟು ಅವಳ ಬಾಯಿಂದಲೇ ತಿಳಿಯಿತು. ನೋಡಲು ಮಾತ್ರ ಮಕ್ಕಳಿಗೆ ಅಪ್ಪಣೆಯಿಲ್ಲ.

ಇನ್ನೇನು, ಊಟವಾದ ಮೇಲೆ ಎಲ್ಲರೂ ನನ್ನ ತರಗತಿಯಲ್ಲೇ. ನಾನು ಎರಡು ವರ್ಷದಿಂದ ಬಯಸಿದ್ದು ಅದನ್ನೇ. ಬೆಂಚಿನ ಮೇಲೆ ಗಲ್ಲ ಊರಿಕೊಂಡು ಕೂತಿರುತ್ತಿದ್ದರು. ದುರ್ಬೀನು ಮೇಜಿನ ಮೇಲೇ ಇತ್ತು, ಯಾರೂ ಕೇಳಲಿಲ್ಲ. ಒಂದು ದಿನ ತಡೆಯಲಾರದೆ ಎರಡು ಜಡೆಯವಳನ್ನು ಹತ್ತಿರ ಕರೆದು ಮೆಲ್ಲಗೆ ಕೇಳಿದೆ: "ಯಾಕವ್ವಾ ಸುಳ್ಳ ಹೇಳಿದ್ರಿ?"

ಅವಳಿಗೆ ಆಶ್ಚರ್ಯವಾಯಿತು, ಇದನ್ನೂ ಕೇಳಬೇಕೇ ಎಂದು. "ಮಾವಶಿ ನಿಮಗ ಬೈತಿದ್ಲಲ್ರಿ. ನಮಗ ಬೈಸ್ಕೊಂಡ ರೂಢಿ ಐತಿ. ನಿಮಗ ಇಲ್ರಿ."

ಏಪ್ರಿಲ್‌ನಲ್ಲಿ ರಜೆ ಬಿಟ್ಟಿತು. ನಾನು ದಾಂಡೇಲಿಗೆ ತಾಯಿಯ ಮನೆಗೆ ಹೋದೆ. ದಿನ ಬೆಳಗಾದರೆ ಗೂಡಿನದೇ ಚಿಂತೆ. ಮಾವಶಿಗೆ ಫೋನ್ ಮಾಡಲು ಧೈರ್ಯವಿಲ್ಲ. ಮೇ ಕೊನೆಯಲ್ಲಿ ಅವಳೇ ಮಾಡಿದಳು.

"ಟೀಚರ್, ಬಾಗಲಾ ಒಡಕೊಂಡು ಹೊರಗ ಬಂತ್ರಿ."

"ಎಷ್ಟ ಬಂದ್ವು?" ಎಂದೆ.

"ತಾಯಿ ಒಂದ ಬಂತು," ಎಂದಳು. "ಎರಡ ದಿನ ಕಾದೆ. ಮತ್ತ ಯಾರೂ ಬರಲಿಲ್ರಿ."

ಬೇರೆ ಕಾರಣವೂ ಇರಬಹುದು ಎಂದು ಅವಳೇ ಸೇರಿಸಿದಳು. ಹಾವು ಹೊಕ್ಕಿರಬಹುದು, ತತ್ತಿಯೇ ಕೆಟ್ಟಿರಬಹುದು. ನನ್ನನ್ನು ಸಮಾಧಾನಪಡಿಸುತ್ತಿದ್ದಳು, ಹಾಳಾದವಳು. ಅಂದರೆ ಅವಳಿಗೆ ಎಲ್ಲ ತಿಳಿದಿತ್ತು, ಲೋಟ ಎತ್ತಿ ನೋಡಿದ ದಿನದಿಂದಲೂ. ನಾನು ಫೋನ್ ಇಟ್ಟು ಅತ್ತೆ. ದುಃಖಕ್ಕೋ ಸಿಟ್ಟಿಗೋ ಎಂದು ಕೇಳಿದರೆ ಎರಡಕ್ಕೂ ಎನ್ನುತ್ತೇನೆ.

ಶಾಲೆ ತೆರೆದ ಮೊದಲ ದಿನ, ಮಕ್ಕಳು ಒದ್ದೆ ಕೊಡೆ ಮಡಚುತ್ತಲೇ ಅಡುಗೆಮನೆಗೆ ಓಡಿದರು. ಓಡುವುದನ್ನು ನಾನು ಕಿಟಕಿಯಿಂದ ನೋಡಿದೆ. ಎಂದಿನ ಸಂಕಟ ಎಂದಿನ ಹಾಗೇ ಎದ್ದಿತು. ಅದಕ್ಕೆ ನಾಚಿಕೆಯಿಲ್ಲ. ಆದರೆ ಅವರು ಅಲ್ಲಿ ನಿಲ್ಲಲಿಲ್ಲ. ತಿರುಗಿ, ಕೆಸರು ಹಾರಿಸಿಕೊಂಡು, ನನ್ನ ತರಗತಿಗೇ ಓಡಿ ಬಂದರು. ಬಂದು ಮೇಜಿನ ಸುತ್ತ ಮುತ್ತಿದರು.

"ಟೀಚರ್, ಎಷ್ಟ ಮರಿ ಬಂದ್ವರಿ?" ಎಂದಳು ಎರಡು ಜಡೆಯವಳು, ಏದುಸಿರು ಬಿಡುತ್ತ. "ಮಾವಶಿನ ಕೇಳಿದ್ವಿ. ನಿಮ್ಮ ಟೀಚರ್‌ಗೆ ಎಲ್ಲಾ ಗೊತ್ತೈತಿ, ಅವರನ್ನ ಕೇಳ್ರಿ ಅಂದ್ಲು."

ಕಾಡಿನ ಬಗ್ಗೆ ಆ ಮಕ್ಕಳು ನನ್ನನ್ನು ತಾವಾಗಿ ಕೇಳಿದ ಮೊದಲ ಪ್ರಶ್ನೆ ಅದು. ಕಳಿಸಿದವಳು ಅವಳು. ಕಿಟಕಿಯಾಚೆ ಅಡುಗೆಮನೆಯಲ್ಲಿ ಅವಳ ಬೆನ್ನು ಕಾಣುತ್ತಿತ್ತು. ಅಕ್ಕಿ ತೊಳೆಯುತ್ತಿದ್ದಳು, ಇತ್ತ ತಿರುಗಲಿಲ್ಲ.

"ಒಂದೂ ಬರಲಿಲ್ಲ," ಎಂದೆ. "ಮೂರ ದಿನ ನಾವು ಗಿಡದ ಕೆಳಗ ಕುಂತಿದ್ವಲ್ಲ. ಮಂದಿ ಇದ್ರ ಗಂಡು ಗೂಡಿಗೆ ಬರೂದಿಲ್ಲ. ಒಳಗ ಮರಿ ಹಸಕೊಂಡಿತ್ತು. ಇಕಿ ಅವತ್ತ ಹಸದೈತಿ ಅಂತ ಹೇಳಿದ್ಲು, ನಾನ ಕೇಳಲಿಲ್ಲ. ನಿಮ್ಮನ್ನ ಕರಕೊಂಡ ಹೋದಾಕಿ ನಾನು. ತಪ್ಪು ನಂದು."

ಅಂದು ಕುಣಿದಿದ್ದ ಹುಡುಗ ಅಳು ತಡೆಯಲು ಮೂಗು ಒರೆಸಿಕೊಂಡ. ಎರಡು ಜಡೆಯವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಆಮೇಲೆ ಹತ್ತಿರ ಬಂದು, ಬೇರೆಯವರಿಗೆ ಕೇಳಬಾರದೆನ್ನುವಂತೆ ದನಿ ತಗ್ಗಿಸಿ ಹೇಳಿದಳು: "ಮಾವಶಿಗೆ ನಾವು ಹೇಳೂದಿಲ್ರಿ ಟೀಚರ್. ನೀವು ಅಂಜಬ್ಯಾಡ್ರಿ."